ಐವತ್ತನೇ ಲೆವೆಲಿನ ಕೈ

ಪೇಡಾ ಕಂಡರೆ ನನಗೆ ಈಗ ವಾಕರಿಕೆ ಬರುತ್ತದೆ. ಸಿಹಿ ಸೇರದವಳೇನಲ್ಲ ನಾನು. ಆದರೆ ನಮ್ಮ ಕೇಂದ್ರದಲ್ಲಿ ಯಾರದೇ ಲೆವೆಲ್ ಏರಿದರೂ ಮನೆಯವರು ವಾರ್ಡಿಗೆಲ್ಲ ಪೇಡಾ ಹಂಚಬೇಕೆಂಬ ಪದ್ಧತಿಯೊಂದು ಬೆಳೆದುಬಿಟ್ಟಿದೆ. ಲಕ್ವ ಹೊಡೆದು ಬಾಯಿ ಸೊಟ್ಟಗಾದ ಮನುಷ್ಯನನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಬಾಯಿಗೊಂದು ಪೇಡಾ ತುರುಕಿ, ಜೊಲ್ಲು ಸುರಿಯುತ್ತಿರುವಾಗಲೇ ಫೋಟೋ ತೆಗೆದು ಬಳಗಕ್ಕೆಲ್ಲ ಕಳಿಸುತ್ತಾರೆ. ನಮ್ಮ ಮಾವ ಹದಿನೆಂಟನೇ ಲೆವೆಲಿಗೆ ಹೋದರು, ನಿಮ್ಮ ಅತ್ತೆ ಇನ್ನೂ ಹನ್ನೆರಡರಲ್ಲೇ ಕೂತಿದ್ದಾರಾ ಎಂದು ಕಾರಿಡಾರಿನಲ್ಲಿ ನಿಂತು ಒಬ್ಬರನ್ನೊಬ್ಬರು ಚುಚ್ಚುತ್ತಾರೆ. ಕೈ ಹೇಗಿದೆ ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ಗದಗಿನ ಈ ಪುನಶ್ಚೇತನ ಕೇಂದ್ರದಲ್ಲಿ ನಾನು ಫಿಜಿಯೋಥೆರಪಿಸ್ಟ್. ಹೆಸರು ನಸೀಮಾ ನದಾಫ. ಮೂಗಿನ ತುದಿಯಲ್ಲೇ ಕೋಪ ಎಂದು ಸಿಬ್ಬಂದಿಯವರು ನನ್ನ ಬಗ್ಗೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಇಲ್ಲಿ ನಡೆದದ್ದನ್ನು ಕಂಡೂ ಕೋಪ ಬರದಿದ್ದರೆ ಆ ಮೂಗು ಇದ್ದು ಏನು ಪ್ರಯೋಜನ?

ಲಕ್ವದಲ್ಲಿ ಕೆಡುವುದು ಕೈಯಲ್ಲ, ಮಿದುಳಿನಿಂದ ಕೈಗೆ ಹೋಗುವ ದಾರಿ. ಮೊದಲ ಕೆಲವು ತಿಂಗಳು ಮಿದುಳು ಹೊಸ ದಾರಿ ಹುಡುಕುವ ಹುರುಪಿನಲ್ಲಿರುತ್ತದೆ. ಆಗ ಕೈ ಆಡಿಸಲು ಎಷ್ಟು ಹೆಣಗಿದರೆ ಅಷ್ಟು ದಾರಿ ತೆರೆಯುತ್ತದೆ. ಆ ತಿಂಗಳುಗಳು ಕಳೆದವೋ, ಮಿದುಳು ಕೈಯ ಆಸೆ ಬಿಟ್ಟುಬಿಡುತ್ತದೆ. ಆದರೆ ಒಂದು ಬೆರಳನ್ನು ಸಾವಿರ ಸಲ ಎತ್ತು ಎಂದರೆ ಯಾರು ಎತ್ತುತ್ತಾರೆ? ಅದಕ್ಕೇ ಗವಸು ಬಂತು, ಗವಸಿನ ಜೊತೆಗೆ 'ಹೆಬ್ಬಾಗಿಲು' ಎಂಬ ಆಟ ಬಂತು.

ಗವಸಿನೊಳಗೆ ಬೆರಳಿಗೊಂದರಂತೆ ಸಣ್ಣ ತಂತಿಗಳಿವೆ. ಮೊಣಕೈ ಹತ್ತಿರದ ಪಟ್ಟಿ ನರಗಳಲ್ಲಿ ಹರಿಯುವ ಕ್ಷೀಣ ಸಂಕೇತವನ್ನು ಹಿಡಿಯುತ್ತದೆ. ಆಟದಲ್ಲಿ ರೋಗಿ ಒಬ್ಬ ಅಲೆಮಾರಿ. ಕೋಟೆಯಿಂದ ಕೋಟೆಗೆ ಹೋಗುತ್ತಾನೆ, ಅಗಳಿ ತೆಗೆಯುತ್ತಾನೆ, ಬಾವಿಯಿಂದ ನೀರು ಸೇದುತ್ತಾನೆ, ಕತ್ತಿ ಗಳಿಸುತ್ತಾನೆ, ಜೊತೆಗಾರರನ್ನು ಸಂಪಾದಿಸುತ್ತಾನೆ. ಪರದೆಯ ಮೇಲೆ ಅಗಳಿ ತೆರೆಯಬೇಕಾದರೆ ಮೇಜಿನ ಮೇಲೆ ನಿಜವಾದ ಬೆರಳು ಏಳಬೇಕು. ಬೇಕಾದದ್ದಕ್ಕಿಂತ ತುಸು ಕಡಿಮೆ ಎಷ್ಟೋ ಅಷ್ಟೇ ಸಹಾಯವನ್ನು ಗವಸು ಕೊಡುತ್ತದೆ. ಉಳಿದದ್ದು ರೋಗಿಯ ಪಾಡು. ಲೆವೆಲ್ ಏರಿದಂತೆ ಸಹಾಯ ಇಳಿಯುತ್ತದೆ.

ಐವತ್ತು ಕೊನೆಯ ಲೆವೆಲ್. ಅಲ್ಲಿಗೆ ಬಂದವನ ನರಗಳು ಅವನ ಮಾತು ಕೇಳುತ್ತವೆ ಎಂದು ಯಂತ್ರ ನಂಬುತ್ತದೆ. ಅಲ್ಲಿಯವರೆಗೆ ಹಿಡಿತಕ್ಕೆ ಹಾಕಿದ್ದ ಕಡಿವಾಣವನ್ನು ತೆಗೆದುಬಿಡುತ್ತದೆ. ಆಮೇಲೆ ಗವಸು ಪಾಠ ಹೇಳುವುದಿಲ್ಲ. ಹಾಕಿಕೊಂಡವನು ಮನಸ್ಸು ಮಾಡಿದರೆ ಸಾಕು, ಕೊಡ ಎತ್ತುವ ಬಲವನ್ನು ತಾನೇ ತುಂಬಿಕೊಡುತ್ತದೆ. ಇದೆಲ್ಲ ಗವಸಿನ ಮಣಿಕಟ್ಟಿನಲ್ಲಿರುವ ಒಂದು ಕಾರ್ಡಿನಲ್ಲಿ ಸೇವ್ ಆಗಿರುತ್ತದೆ. ಎಷ್ಟನೇ ಲೆವೆಲ್, ಯಾವ ಕತ್ತಿ ಎಂಬುದಷ್ಟೇ ಅಲ್ಲ, ಈ ಮನುಷ್ಯನ ನರ ಹೇಗೆ ಮಿಡಿದರೆ ಯಾವ ಬೆರಳು ಎಷ್ಟು ಬಾಗಬೇಕು ಎಂಬ ನಕ್ಷೆಯೂ ಅದರಲ್ಲೇ. ಒಬ್ಬರ ನಕ್ಷೆ ಇನ್ನೊಬ್ಬರಿಗೆ ಆಗುವುದಿಲ್ಲ.

ರಾಚಪ್ಪ ಬಳಿಗೇರ ನನ್ನ ಬಳಿಗೆ ಬಂದಾಗ ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಬೆಟಗೇರಿಯಲ್ಲಿ ಮೂರು ತಲೆಮಾರಿನಿಂದ ಬಳೆ ವ್ಯಾಪಾರ. ಹೆಂಡತಿ ತೀರಿಕೊಂಡಿದ್ದಾಳೆ. ಒಬ್ಬಳೇ ಮಗಳು ಕಸ್ತೂರಿ, ಆಗ ತಾನೇ ಬಸುರಿಯಾಗಿದ್ದಳು. ಮೊದಲ ದಿನವೇ ಆತ ಕೇಳಿದ್ದು ಅವಳ ಕುಬಸದ, ಅಂದರೆ ಸೀಮಂತದ, ಬಗ್ಗೆ ಒಂದೇ ಪ್ರಶ್ನೆ.

"ಮೇಡಂ, ಮಗಳ ಕುಬಸಕ್ಕ ನಾನ ಹಸರ ಬಳಿ ಇಡಬೇಕು. ಅಷ್ಟೊತ್ತಿಗೆ ಕೈ ಬರ್ತೈತೇನ್ರಿ?"

"ನೀವು ದುಡದಷ್ಟು ಬರ್ತೈತಿ ಕಾಕಾ" ಎಂದೆ.

ಆತ ದುಡಿದ. ಅಂಥ ಮತ್ತೊಬ್ಬ ರೋಗಿಯನ್ನು ನಾನು ಕಂಡಿಲ್ಲ. ಮೊದಲನೇ ಅಗಳಿ ತೆಗೆಯಲು ಒಂದು ವಾರ ಹಿಡಿಯಿತು. ಹಣೆಯ ನರ ಉಬ್ಬಿಸಿಕೊಂಡು, ಹಲ್ಲು ಕಚ್ಚಿ, ತೋರುಬೆರಳನ್ನು ಎಳ್ಳಷ್ಟು ಎತ್ತಿ, ಅದು ಬಿದ್ದಾಗ ತನಗೆ ತಾನೇ ಬೈದುಕೊಂಡು ಮತ್ತೆ ಎತ್ತುತ್ತಿದ್ದ. ಒಂಬತ್ತನೇ ಲೆವೆಲಿಗೆ ಬರುವಷ್ಟರಲ್ಲಿ ಹೆಬ್ಬೆರಳೂ ತೋರುಬೆರಳೂ ಒಂದನ್ನೊಂದು ಮುಟ್ಟುತ್ತಿದ್ದವು. ಗವಸು ತೆಗೆದರೂ ಮುಟ್ಟುತ್ತಿದ್ದವು. ಐವತ್ತಕ್ಕೆ ಹೋಲಿಸಿದರೆ ಒಂಬತ್ತು ಏನೂ ಅಲ್ಲ. ಆದರೆ ಆ ಎರಡು ಬೆರಳು ಕೂಡಿದ ದಿನ ನನಗೆ ಆದ ಸಂತೋಷ ಯಾವ ಪೇಡಾದಲ್ಲೂ ಸಿಕ್ಕಿರಲಿಲ್ಲ.

ಭಾನುವಾರ ಮನೆಗೆ ಹೋದಾಗ ಹೇಗೆ ಅಭ್ಯಾಸ ಮಾಡುತ್ತಾರೆಂದು ನೋಡಲು ಒಮ್ಮೆ ಬೆಟಗೇರಿಗೆ ಹೋಗಿದ್ದೆ. ಪಡಸಾಲೆಯ ಗೂಟಕ್ಕೆ ಬಳೆ ಪೋಣಿಸಿದ ಮಲಾರ ತೂಗುಬಿದ್ದಿತ್ತು. ಕಸ್ತೂರಿ ಚಹಾ ತಂದಳು. ಅಳಿಯ ವಿರೂಪಾಕ್ಷಿಯೂ ಬಂದಿದ್ದ. ಬೈಕ್ ಶೋರೂಮಿನಲ್ಲಿ ಸೇಲ್ಸ್ ಕೆಲಸ, ಮಾತು ಜೋರು. ಅವನ ತಾಯಿ ನೀಲವ್ವ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದರು.

"ಬೀಗರ ಹಟ ಕೇಳೀರೇನ್ರಿ ಮೇಡಂ? ಬಿದ್ದ ಕೈಲೆ ಬಸರಿ ಹೆಂಗಸಿಗೆ ಬಳಿ ಇಡ್ತಾರಂತ. ಐದ ಮಂದಿ ಮುತ್ತೈದ್ಯಾರು ಕುಂತಿರ್ತಾರ, ನಡಬರ್ಕ ಕೈ ನಡುಗಿ ಬಳಿ ಒಡದ್ರ ಯಾರ ಹೊಣಿ? ಪ್ಯಾಟಿಯಿಂದ ಬ್ಯಾರೆ ಬಳಿಗಾರನ್ನ ಕರಸ್ರಿ ಅಂದ್ನಿ."

ರಾಚಪ್ಪ ತಲೆ ಎತ್ತಲಿಲ್ಲ. "ಊರ ಹೆಣ್ಮಕ್ಕಳಿಗೆಲ್ಲಾ ಇಟ್ಟೀನಿ" ಎಂದಷ್ಟೇ ಅಂದ.

"ಈಗ ಎಷ್ಟನೇ ಲೆವೆಲ್ ಐತ್ರಿ ಮೇಡಂ?" ವಿರೂಪಾಕ್ಷಿ ಕೇಳಿದ.

"ಒಂಬತ್ತು."

"ಒಂಬತ್ತ?" ಅವನ ಮುಖ ಕಹಿಯಾಯಿತು. "ಮೂರನೇ ವಾರ್ಡಿನ ಗೌಡ್ರು ಮೂವತ್ತು ದಾಟ್ಯಾರ. ನಾವು ಸಣ್ಣಾವ್ರಿದ್ದಾಗ ಇಂಥಾ ಆಟ ಭಾಳ ಆಡೀವ್ರಿ. ಮುಂದ ಹೋಗಾಕ ಆಗದಿದ್ರ ಸೇವ್ ತಿದ್ದಿ ಬಿಡ್ತಿದ್ವಿ. ಎಡಿಟರ್ ಅಂತ ಸಿಗ್ತಿತ್ತು. ಲೆವೆಲ್ ತೊಂಬತ್ತೊಂಬತ್ತು ಮಾಡಿ, ಎಲ್ಲಾ ಕತ್ತಿ ತುಂಬಿ, ರಾಕ್ಷಸನ್ನ ಒಂದ ಏಟಿಗೆ ಕೆಡವೂದು."

"ಅದು ಆಟದ ಕತ್ತಿ" ಎಂದೆ. "ಇದು ನಿಮ್ಮ ಮಾವಾರ ಕೈ."

ಅವನು ನಕ್ಕ. ಆ ನಗುವನ್ನು ಅಂದು ನಾನು ಹಗುರವಾಗಿ ತೆಗೆದುಕೊಂಡೆ.

ಈದ್ ಹಬ್ಬಕ್ಕೆ ಒಂದು ವಾರ ರಜೆ ಹಾಕಿ ಲಕ್ಷ್ಮೇಶ್ವರಕ್ಕೆ ಹೋಗಿ ಬರುವಷ್ಟರಲ್ಲಿ ನಮ್ಮ ಕೇಂದ್ರದಲ್ಲಿ ಲೆವೆಲ್ ತೋರಿಸುವ ದೊಡ್ಡ ಬೋರ್ಡಿನಲ್ಲಿ ರಾಚಪ್ಪನ ಹೆಸರು ಎಲ್ಲಕ್ಕಿಂತ ಮೇಲೆ ಹೊಳೆಯುತ್ತಿತ್ತು. ಐವತ್ತು. ವಾರ್ಡಿನ ಬಾಗಿಲಲ್ಲೇ ಆತ ಎದುರಾದ. ಗವಸು ತೊಟ್ಟ ಬಲಗೈಯಿಂದ ಡಬ್ಬಿಯೊಳಗಿನ ಪೇಡಾ ತೆಗೆದು ನನ್ನತ್ತ ಚಾಚಿದ. ಕಣ್ಣಲ್ಲಿ ನೀರು. ಪೇಡಾ ಅವನ ಬೆರಳುಗಳ ನಡುವೆ ಅಪ್ಪಚ್ಚಿಯಾಗಿ ಇಕ್ಕೆಲಕ್ಕೂ ಉಕ್ಕಿಬಂದಿತ್ತು.

"ತಗೋರಿ ಮೇಡಂ. ನಿಮ್ಮ ಪುಣ್ಯೇವು."

"ಗವಸು ತಗೀರಿ ಕಾಕಾ" ಎಂದೆ.

ಆತ ಕೈಯನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದ. ನಾನು ಬಿಡಲಿಲ್ಲ. ಬಿಚ್ಚಿದೆ. ಕೈ ತೊಡೆಯ ಮೇಲೆ ಬಿತ್ತು. ಹೆಬ್ಬೆರಳು ತೋರುಬೆರಳು ಕೂಡಿಸಿ ಎಂದೆ. ತುಸು ಅಲುಗಿದವು, ಕೂಡಲಿಲ್ಲ. ರಜೆಗೆ ಹೋಗುವ ಮುನ್ನ ಕೂಡುತ್ತಿದ್ದ ಬೆರಳುಗಳು ಅವು. ಆತ ನೋಡಲಾರದೆ ಮುಖ ತಿರುಗಿಸಿ, "ಹಾಕ್ರಿ, ಮತ್ತ ಹಾಕ್ರಿ" ಎಂದು ಗವಸಿಗೆ ಕೈ ಚಾಚುತ್ತಿದ್ದ. ಕುಡುಕ ಬಾಟಲಿಗೆ ಚಾಚುವುದನ್ನು ನೋಡಿದ್ದೇನೆ, ಹಾಗೇ ಇತ್ತು.

ಭಾನುವಾರ ರೋಗಿಗಳನ್ನು ಗವಸು ಕೊಟ್ಟು ಮನೆಗೆ ಕಳಿಸುವ ರೂಢಿ ನಮ್ಮಲ್ಲಿದೆ. ನಾನು ರಜೆಯಲ್ಲಿದ್ದ ಭಾನುವಾರ ವಿರೂಪಾಕ್ಷಿ ಮಣಿಕಟ್ಟಿನ ಕಾರ್ಡನ್ನು ಮೊಬೈಲ್ ರಿಪೇರಿ ಅಂಗಡಿಯೊಂದಕ್ಕೆ ಒಯ್ದಿದ್ದ. ಕೇಳಿದರೆ ಮುಚ್ಚಿಡಲೂ ಇಲ್ಲ. ಮಾವನಿಗೆ ಕುಬಸದ ಉಡುಗೊರೆ ಎಂದು ಎದೆಯುಬ್ಬಿಸಿ ಹೇಳಿದ. ರೀಚಾರ್ಜ್ ಮಾಡಿಸಿದಷ್ಟೇ ಸಲೀಸಾಗಿ ಹೇಳಿದ.

ಮೇಲೆ ಕಂಟ್ರೋಲ್ ರೂಮಿಗೆ ಓಡಿದೆ. ಅಲ್ಲಿ ಗೋಡೆ ತುಂಬ ಪರದೆಗಳು. ಪ್ರತಿ ರೋಗಿಗೂ ಏರುತ್ತ ಹೋಗುವ ಹಸಿರು ಗೆರೆ. ರಾಚಪ್ಪನ ಗೆರೆ ನೆಲದ ಮೇಲೆ ತೆವಳುತ್ತ ಬಂದು ಒಮ್ಮೆಲೇ ಕಂಬದಂತೆ ನೇರ ಮೇಲಕ್ಕೆ ಎದ್ದಿತ್ತು. ನಿರ್ದೇಶಕ ಡಾಕ್ಟರ್ ಹೆರೂರ ಅದನ್ನೇ ಮೆಚ್ಚಿ ನೋಡುತ್ತ ನಿಂತಿದ್ದರು. ಕೇಂದ್ರದ ಸರಾಸರಿ ಲೆವೆಲ್ ಏರಿದರೆ ಮೇಲಿನವರ ಮೆಚ್ಚುಗೆ ಸಿಗುತ್ತದೆ, ಹುಬ್ಬಳ್ಳಿಯ ಕೇಂದ್ರ ನಮ್ಮ ಹಿಂದೆ ಬೀಳುತ್ತದೆ. ಅವರಿಗೆ ಬೇಕಾದದ್ದು ಅಷ್ಟು.

"ಸರ್, ಇದು ತಿದ್ದಿದ ಸೇವ್. ಒಂಬತ್ತರಿಂದ ಐವತ್ತಕ್ಕ ಯಾರರ ಒಂದ ದಿನದಾಗ ಹೋಗ್ತಾರೇನ್ರಿ?"

"ಯಂತ್ರ ಒಪ್ಪಿಕೊಂಡದ ನದಾಫ ಅವರ. ಯಂತ್ರ ಒಪ್ಪಿದ್ದನ್ನ ನೀವು ಯಾಕ ಒಪ್ಪಂಗಿಲ್ಲ?"

"ಗವಸು ತಗದ್ರ ಕೈ ಸತ್ತದ ಸರ್. ಮೊದಲ ಇದ್ದ ಚಲನೀನೂ ಹೊಂಟದ. ಗವಸ ಎಲ್ಲಾ ಮಾಡಿ ಕೊಟ್ರ ಮಿದುಳು ಯಾಕ ಹೆಣಗತದ?"

"ಹಂಗಾರ ಗವಸು ತಗೀಬ್ಯಾಡ್ರಿ" ಎಂದರು. ನಗುತ್ತ ಅಂದರು. ಬಾಯಿಯ ಮೂಲೆಯಲ್ಲಿ ಪೇಡಾದ ಪುಡಿ ಅಂಟಿತ್ತು. ಇಷ್ಟು ಓದಿದ ಮನುಷ್ಯನ ಮುಖ ನೋಡಿ ನನಗೆ ಉಗುಳಬೇಕೆನಿಸಿತು. ಉಗುಳಲಿಲ್ಲ, ಕೆಳಗಿಳಿದು ಬಂದೆ. ಗುಣವಾದವನೆಂದು ಅವರೇ ಸಹಿ ಮಾಡಿ ರಾಚಪ್ಪನನ್ನು ಗವಸಿನ ಸಮೇತ ಮನೆಗೆ ಕಳಿಸಿದರು.

ಆಮೇಲೆ ಕಂಬದಂಥ ಗೆರೆಗಳು ಒಂದೊಂದಾಗಿ ಏಳತೊಡಗಿದವು. ಕಾರಿಡಾರಿನಲ್ಲಿ ಪೇಡಾದ ವಾಸನೆ ಫಿನಾಯಿಲ್ ವಾಸನೆಯನ್ನೂ ಮೀರಿಸಿತು. ಮನೆಯವರು ಆ ಅಂಗಡಿಯ ವಿಳಾಸವನ್ನು ಹರಕೆಯ ಗುಡಿಯ ವಿಳಾಸದಂತೆ ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದರು. ನಾನು ಬೈದೆ, ಬೇಡಿಕೊಂಡೆ, ಗವಸು ತೆಗೆದು ಸತ್ತ ಕೈ ತೋರಿಸಿದೆ. ಒಬ್ಬ ಸೊಸೆ ನನ್ನ ಮುಖಕ್ಕೇ ಹೇಳಿದಳು: "ನಿಮಗ ಹೊಟ್ಟಿಕಿಚ್ಚ್ರಿ ಮೇಡಂ. ನಿಮ್ಮ ಕೈಲೆ ಆಗದ್ದು ಅಂಗಡ್ಯಾಂವ ಮಾಡ್ದ ಅಂತ."

ಇದೆಲ್ಲದರ ಹೊಲಸು ಎಷ್ಟು ಆಳಕ್ಕೆ ಇಳಿದಿದೆ ಎಂದು ತಿಳಿದದ್ದು ಒಂದು ಬೆಳಗಿನ ಚಹಾದ ಹೊತ್ತಿಗೆ. ಐವತ್ತು ಮುಟ್ಟಿದ ಮೂವರು ಒಂದೇ ಬೆಂಚಿನ ಮೇಲೆ ಕೂತಿದ್ದರು: ಮೂರನೇ ವಾರ್ಡಿನ ಗೌಡರು, ಒಬ್ಬ ನಿವೃತ್ತ ಟೀಚರಮ್ಮ, ಒಬ್ಬ ಇಪ್ಪತ್ತರ ಹರೆಯದ ಹುಡುಗಿ. ಆಯಾ ಮೂರು ಲೋಟ ಇಟ್ಟು ಹೋದಳು. ಮೂವರೂ ಕೈ ಚಾಚಿದರು. ಮೂವರ ಕಿರುಬೆರಳೂ ಹೊರಕ್ಕೆ ಸೆಟೆಯಿತು. ಮೂವರೂ ಲೋಟವನ್ನು ಎತ್ತಿ, ಮಣಿಕಟ್ಟು ತಿರುಗಿಸಿ ಚಹಾವನ್ನು ಒಮ್ಮೆ ಗಿರ್‍ರನೆ ಸುತ್ತಿಸಿ, ಆಮೇಲೆ ತುಟಿಗೆ ತಂದರು. ಯಾರೂ ಇನ್ನೊಬ್ಬರನ್ನು ನೋಡಿ ಮಾಡುತ್ತಿರಲಿಲ್ಲ. ಟೀಚರಮ್ಮ ಅವರ ಮುಖದಲ್ಲಿ ಗಾಬರಿ ಇತ್ತು. ತನ್ನ ಕೈ ಯಾಕೆ ಹೀಗೆ ಮಾಡುತ್ತದೆ ಎಂದು ಅವರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಅದು ದ್ಯಾಮಪ್ಪನ ಕೈ. ಲಾರಿ ಡ್ರೈವರ್ ದ್ಯಾಮಪ್ಪ, ಹಿಂದಿನ ವರ್ಷ ಐವತ್ತನ್ನು ಪ್ರಾಮಾಣಿಕವಾಗಿ ದಾಟಿದವನು. ಢಾಬಾದ ಸುಡು ಚಹಾವನ್ನು ಹಾಗೆ ಸುತ್ತಿಸಿ ಆರಿಸಿ ಕುಡಿಯುವುದು ಅವನ ಚಾಳಿ. ತಿಂಗಳುಗಟ್ಟಲೆ ಆ ಕೈಯನ್ನು ಹಿಡಿದು ಕಲಿಸಿದವಳು ನಾನು. ಅವನಿಗೇ ಫೋನ್ ಮಾಡಿ ಕೇಳಿದೆ: ತನ್ನ ಸಾಧನೆ ತೋರಿಸಲು ಕಾರ್ಡನ್ನು ಗೆಳೆಯರಿಗೆ ಕೊಟ್ಟಿದ್ದನಂತೆ, ಅದು ಅಂಗಡಿಗೆ ಹೋಗಿತ್ತು. ಬರೀ ಲೆವೆಲ್ ತಿದ್ದಿದರೆ ಯಂತ್ರ ಒಪ್ಪುವುದಿಲ್ಲ, ನಕ್ಷೆಯೂ ಅದಕ್ಕೆ ಹೊಂದಬೇಕು. ಅಂಗಡಿಯವನು ಅದಕ್ಕೆ ಸುಲಭದ ಉಪಾಯ ಕಂಡುಕೊಂಡಿದ್ದ. ದ್ಯಾಮಪ್ಪನ ಇಡೀ ಸೇವನ್ನು ಅಂಟಿಸಿ, ಮೇಲೆ ರೋಗಿಯ ಹೆಸರು ಬರೆದು ಕೊಡುತ್ತಿದ್ದ. ಹುಡುಗಿಯ ಎಳೆಯ ಕೈಯೊಳಗೆ ಗೊತ್ತಿಲ್ಲದ ಗಂಡಸೊಬ್ಬನ ಕೈ ಹೊಕ್ಕು ಕೂತು ಚಹಾ ಕುಡಿಯುತ್ತಿತ್ತು. ನಾನು ಆ ಲೋಟಗಳನ್ನು ಕಿತ್ತುಕೊಂಡು ಬಚ್ಚಲಿಗೆ ಸುರಿದೆ.

ಲೋಟ ತೊಳೆಯುತ್ತಿರುವಾಗ ಇನ್ನೊಂದು ಹೊಳೆಯಿತು. ದ್ಯಾಮಪ್ಪನ ನರದ ಸಂಕೇತ ಕೊನೆಯವರೆಗೂ ತೀರ ಮೆಲ್ಲಗಿತ್ತು. ಪಿಸುಮಾತಿನಂಥ ಮಿಡಿತಕ್ಕೂ ಪೂರ್ತಿ ಬಲ ಕೊಡುವಂತೆ ಅವನ ನಕ್ಷೆ ಬೆಳೆದಿತ್ತು. ರಾಚಪ್ಪನ ಸಂಕೇತ ಅದಕ್ಕಿಂತ ಎಷ್ಟೋ ಗಟ್ಟಿ. ಅವನು ಹೂವಿನಷ್ಟು ಮೆತ್ತಗೆ ಹಿಡಿಯಬೇಕೆಂದುಕೊಂಡರೂ ಆ ಗವಸಿಗೆ ಅದು ಕೂಗಿನಂತೆ ಕೇಳುತ್ತದೆ. ಮೇಲೆ ಕಡಿವಾಣವೂ ಇಲ್ಲ. ಪೇಡಾ ಅಪ್ಪಚ್ಚಿಯಾಗಿದ್ದು ಅದಕ್ಕೆ. ಅವತ್ತೇ ಕಸ್ತೂರಿಯ ಕುಬಸ.

ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಆಟೋ ಹಿಡಿದು ಬೆಟಗೇರಿಗೆ ಹೋದೆ. ಓಣಿಯಲ್ಲಿ ಕಾಲಿಡುವಾಗಲೇ ಹೆಂಗಸರ ಹಾಡು ಕೇಳಿಸಿತು. ಪಡಸಾಲೆಯಲ್ಲಿ ಹಸಿರು ಸೀರೆ ಉಟ್ಟು, ಉಡಿ ತುಂಬಿಸಿಕೊಂಡು ಕಸ್ತೂರಿ ಮಣೆಯ ಮೇಲೆ ಕೂತಿದ್ದಳು. ಎದುರಿಗೆ ಹೊಸ ಪಂಚೆ ಉಟ್ಟ ರಾಚಪ್ಪ. ಮಗಳ ಎಡಗೈಯಲ್ಲಿ ಆಗಲೇ ನಾಲ್ಕೈದು ಬಳೆಗಳಿದ್ದವು. ಹಾಗೂ ಹೀಗೂ ಅಷ್ಟನ್ನು ಸರಿಯಾಗಿಯೇ ಏರಿಸಿದ್ದ. ವಿರೂಪಾಕ್ಷಿ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ನೀಲವ್ವನ ಮುಖದಲ್ಲೂ ನಗು ಇತ್ತು.

"ಕಾಕಾ, ನಿಲ್ಲಸ್ರಿ" ಎಂದು ಬಾಗಿಲಿನಿಂದಲೇ ಕೂಗಿದೆ. "ಗವಸು ಬಿಡಸ್ರಿ ಮೊದಲ."

ಬಳೆಗಾರರು ಬಳೆ ಏರಿಸುವ ಮುನ್ನ ಅಂಗೈಯನ್ನು ಹಿಡಿದು, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಮೆಲ್ಲಗೆ ಒತ್ತಿ, ಕೈಯನ್ನು ಕಿರಿದು ಮಾಡುತ್ತಾರೆ. ಆ ಒತ್ತುವಿಕೆಯಲ್ಲೇ ಅವರ ಕಸುಬೆಲ್ಲ ಇರುವುದು. ರಾಚಪ್ಪ ಆಗ ತಾನೇ ಒತ್ತಲು ಹಿಡಿದಿದ್ದ. ನನ್ನ ಕೂಗಿಗೆ ಬೆಚ್ಚಿದನೋ, ಒತ್ತಬೇಕೆಂಬ ಮನಸ್ಸು ತುಸು ಬಿಗಿಯಾಯಿತೋ ಗೊತ್ತಿಲ್ಲ. ಗವಸು ಮುಚ್ಚಿಕೊಂಡಿತು. ಬಳೆಗಳು ಪಟಪಟನೆ ಒಡೆದವು. ಆಮೇಲೆ ಕೇಳಿದ ಸದ್ದು ಗಾಜಿನದಲ್ಲ.

ಕಸ್ತೂರಿ ಕಿರುಚಿದಳು. ಆತ ಬಿಡಬೇಕೆಂದು ಒದ್ದಾಡುತ್ತಿದ್ದ. ಒದ್ದಾಡಿದಷ್ಟೂ ನರದ ಮಿಡಿತ ಹೆಚ್ಚಿ ಹಿಡಿತ ಬಿಗಿಯಾಯಿತು. ಮಗಳ ಕೈಯನ್ನು ಮುರಿಯುತ್ತಿರುವ ತನ್ನದೇ ಕೈಗೆ ಎಡಗೈಯಿಂದ ಹೊಡೆಯುತ್ತಿದ್ದ. "ಬಿಡೋ, ಬಿಡೋ" ಎಂದು ಆ ಕೈಯನ್ನು ಬೇರೆ ಯಾರೋ ಎಂಬಂತೆ ಬೇಡುತ್ತಿದ್ದ. ನಾನು ನುಗ್ಗಿ ಮಣಿಕಟ್ಟಿನ ಕಾರ್ಡ್ ಕಿತ್ತೆಸೆದೆ. ಗವಸು ಸಡಿಲವಾಯಿತು. ಹಸಿರು ಗಾಜಿನ ಚೂರುಗಳು ಅವಳ ಮಾಂಸದೊಳಗೆ ನೆಟ್ಟಿದ್ದವು. ಉಡಿಯ ಅಕ್ಕಿಯ ಮೇಲೆ ರಕ್ತ ಹರಿಯಿತು. ವಿರೂಪಾಕ್ಷಿಯ ಮೊಬೈಲ್ ಇನ್ನೂ ವಿಡಿಯೋ ತೆಗೆಯುತ್ತಲೇ ಇತ್ತು.

ಬಸುರಿಗೆ ಬೇರೆ ಅಪಾಯವಾಗಲಿಲ್ಲ. ಅಂಗೈಯ ಎರಡು ಎಲುಬು ಮುರಿದಿದ್ದವು. ಇಷ್ಟಾದ ಮೇಲಾದರೂ ಜನ ತಿದ್ದುವುದನ್ನು ನಿಲ್ಲಿಸುತ್ತಾರೆ ಎಂದುಕೊಂಡಿದ್ದೆ. ಮರುದಿನ ಅಂಗಡಿಯವನು ಮೆತ್ತಗಿನ ಹಿಡಿತದ ಹೊಸ ಸೇವ್ ಬಂದಿದೆ ಎಂದು ಬೋರ್ಡು ಹಾಕಿದ. ಡಾಕ್ಟರ್ ಹೆರೂರ ನನ್ನನ್ನು ಕರೆದು, ರೋಗಿ ಸೂಚನೆ ಮೀರಿ ಗವಸು ಬಳಸಿದ ಎಂದು ಹೇಳಿಬಿಡಿ ಎಂದರು. ನಾನು ಆಗುವುದಿಲ್ಲ ಎಂದೆ. ಅವರು ನನ್ನನ್ನು ಅನುಕಂಪದಿಂದ ನೋಡಿದರು. ಬೈದಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ರಾಚಪ್ಪನನ್ನು ಮತ್ತೆ ಭರ್ತಿ ಮಾಡಿಕೊಂಡೆ. ನನ್ನ ಆಸೆಯೆಲ್ಲ ಅವನ ಹಳೆಯ ಸೇವಿನ ಮೇಲೆ ಇತ್ತು. ಒಂಬತ್ತನೇ ಲೆವೆಲಿನ ಆ ನಕ್ಷೆ ಸಿಕ್ಕರೆ, ಆ ಎರಡು ಬೆರಳು ಕೂಡುತ್ತಿದ್ದ ಜಾಗದಿಂದಲೇ ಎತ್ತಿಕೊಳ್ಳಬಹುದು. ಮಿದುಳಿನ ಹುರುಪು ಆರುವುದಕ್ಕೆ ಇನ್ನು ಸ್ವಲ್ಪವೇ ಕಾಲ ಉಳಿದಿತ್ತು. ಕಂಟ್ರೋಲ್ ರೂಮಿನಲ್ಲಿ ಕೂತು ಹುಡುಕಿದೆ. ಇರಲಿಲ್ಲ. ನಮ್ಮ ಯಂತ್ರ ಪ್ರತಿ ರೋಗಿಯದೂ ಅತಿ ಎತ್ತರದ ಸೇವ್ ಒಂದನ್ನು ಮಾತ್ರ ಇಟ್ಟುಕೊಂಡು ಕೆಳಗಿನದನ್ನು ಅಳಿಸಿಹಾಕುತ್ತದೆ. ಕೆಳಗಿನದು ಯಾರಿಗೆ ಬೇಕಾದೀತು ಎಂದು ಅದನ್ನು ಕಟ್ಟಿದ ಜಾಣರು ಯೋಚಿಸಿದ್ದರು. ರಾಚಪ್ಪನ ಹೆಸರಿನಡಿ ಇದ್ದದ್ದು ದ್ಯಾಮಪ್ಪನ ಕೈ ಒಂದೇ. ಆತ ಹಲ್ಲು ಕಚ್ಚಿ ಗಳಿಸಿದ ಒಂಬತ್ತು ಲೆವೆಲ್ ಲೋಕದಲ್ಲಿ ಎಲ್ಲಿಯೂ ಇರಲಿಲ್ಲ.

ಹೋಗಿ ಹೇಳಿದೆ. ಕಸ್ತೂರಿ ಹಾಸಿಗೆಯ ಪಕ್ಕದಲ್ಲಿ ಕೂತಿದ್ದಳು, ಕೈಗೆ ಪ್ಲಾಸ್ಟರ್. ವಿರೂಪಾಕ್ಷಿ ಕಿಟಕಿಯ ಬಳಿ ನಿಂತಿದ್ದ.

"ನಿಮ್ಮ ಸೇವ್ ಉಳದಿಲ್ಲ ಕಾಕಾ. ಮೊದಲನೇದರಿಂದ ಶುರು ಮಾಡಬೇಕು."

ಆತ ಮಗಳಿಗೆ ಕೇಳಿಸದಿರಲಿ ಎಂಬಂತೆ ದನಿ ತಗ್ಗಿಸಿ ಅಂದ:

"ಮೇಡಂ, ಬ್ಯಾರೆ ಯಾರದರ ಹಾಕಾಕ ಬರ್ತೈತೇನ್ರಿ? ಆ ಡ್ರೈವರಂದು ಬ್ಯಾಡ. ಮೆತ್ತಗಿನ ಕೈ ಯಾರದರ ಇದ್ರ ನೋಡ್ರಿ. ಕೂಸು ಬಂದಮ್ಯಾಲ ಎತ್ತಿಕೊಳ್ಳಾಕ ಒಂದ ಕೈ ಬೇಕಲ್ರಿ."

ಮಗಳ ಎಲುಬು ಮುರಿದ ಮೇಲೂ ಈ ಮಾತು. ನನಗೆ ಬೆಂಕಿ ಹತ್ತಿತು. ಅದೇ ಗಳಿಗೆಯಲ್ಲಿ ನನ್ನ ತಲೆಯೊಳಗೆ ಒಂದು ಹೆಸರು ಬಂತು. ಕಳೆದ ಮಳೆಗಾಲದಲ್ಲಿ ಗುಣವಾಗಿ ಹೋದ ಹೂಮಾಲೆ ಕಟ್ಟುವವಳು, ಎಷ್ಟು ನಾಜೂಕಿನ ಬೆರಳು ಅವಳದು, ಸಂಕೇತವೂ ಈತನದರ ಹಾಗೇ ಗಟ್ಟಿ. ಅವಳ ಸೇವ್ ಮೇಲಿನ ಕೋಣೆಯಲ್ಲಿದೆ. ಎರಡು ನಿಮಿಷದ ಕೆಲಸ. ಇಷ್ಟನ್ನೂ ನಾನು ಲೆಕ್ಕ ಹಾಕಿಬಿಟ್ಟಿದ್ದೆ. ಆ ದಿನದವರೆಗೆ ಊರವರನ್ನೆಲ್ಲ ಕಂಡು ಹೇಸಿದ್ದೆ, ಆಗ ನನ್ನನ್ನೂ ಕಂಡು ಹೇಸಿದೆ.

"ಬರಂಗಿಲ್ಲ" ಎಂದೆ.

ಹೊಸ ಕಾರ್ಡ್ ಹಾಕಿದ ಗವಸನ್ನು ತಂದೆ. ಆತ ಕೈ ಕೊಡಲಿಲ್ಲ. ಕಸ್ತೂರಿಯೇ ಎದ್ದು, ಸರಿಯಿದ್ದ ಒಂದೇ ಕೈಯಿಂದ ಅಪ್ಪನ ಕೈಯನ್ನು ಮೇಜಿನ ಮೇಲಿಟ್ಟು, ಗವಸು ತೊಡಿಸಿದಳು. ತೊಡಿಸಿದೊಡನೆ ಪ್ಲಾಸ್ಟರಿನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಪರದೆಯ ಮೇಲೆ ಮೊದಲನೇ ಗುಡಿಸಲು, ಮೊದಲನೇ ಅಗಳಿ. ತೋರುಬೆರಳು ಎತ್ತಿದರೆ ತೆರೆಯುತ್ತದೆ.

"ಎತ್ರಿ ಕಾಕಾ."

ಆತ ಹಲ್ಲು ಕಚ್ಚಿದ. ಹಣೆಯ ನರ ಉಬ್ಬಿತು, ಕುತ್ತಿಗೆ ಕೆಂಪಾಯಿತು. ನಾನು ಬೆರಳನ್ನೇ ನೋಡುತ್ತಿದ್ದೆ. ಬೆರಳು ಮೇಜಿನ ಮೇಲೆ ಇದ್ದ ಹಾಗೇ ಇತ್ತು. ಉಸಿರು ಬಿಟ್ಟು ಆತ ನನ್ನತ್ತ ತಿರುಗಿದ.

"ಎತ್ತಿದ್ನಿ. ಈಗ ಎತ್ತಿದ್ನಿ, ನೋಡಿದ್ರಿಲ್ಲೋ?"

"ಹೌದಪ್ಪಾ, ಎತ್ತಿದಿ" ಎಂದಳು ಕಸ್ತೂರಿ. ಅವಳ ಕಣ್ಣು ತುಂಬಿತ್ತು.

"ಎತ್ತಿದ್ರು, ನಾನೂ ನೋಡೀನಿ" ಎಂದ ವಿರೂಪಾಕ್ಷಿ.

ಮೂವರೂ ನನ್ನ ಮುಖ ನೋಡಿದರು. ನಾನೂ ಹೌದು ಎನ್ನಲಿ ಎಂದು ಕಾಯುತ್ತಿದ್ದರು.

"ಇಲ್ಲ ಕಾಕಾ" ಎಂದೆ. "ಎತ್ತಿಲ್ಲ. ಮತ್ತೊಮ್ಮೆ."